ಪೀಣ್ಯದಲ್ಲೊಂದು ಹಡಗು

ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಸೂಜಿ ಹುಡುಕುತ್ತಿದ್ದೆ, ಲಂಗರು ಸಿಕ್ಕಿತು. ಹೌದು, ಹಡಗಿನ ಲಂಗರು. ಗಾಬರಿಯಾಗಬೇಡಿ, ನಮ್ಮದೇನೂ ಸಮುದ್ರ ವ್ಯಾಪಾರದವರ ವಂಶವಲ್ಲ. ನಾನು ಹುಟ್ಟಿದ್ದು ತಿಪಟೂರಿನ ಕಡೆ, ಸಂಸಾರ ಹೂಡಿದ್ದು ಪೀಣ್ಯದಲ್ಲಿ. ಈ ಎರಡು ಊರುಗಳ ನಡುವೆ ನಾನು ಕಂಡ ಅತಿ ದೊಡ್ಡ ನೀರು ಎಂದರೆ ಮಳೆಗಾಲದಲ್ಲಿ ತುಮಕೂರು ರಸ್ತೆಯ ಗುಂಡಿಗಳು. ಈ ಲಂಗರು ಮೂಲತಃ ನನ್ನ ತಲೆಪಿನ್ನು. ಅದರ ಎರಡು ತುದಿಗಳನ್ನು ಇಕ್ಕಳದಲ್ಲಿ ಬಾಗಿಸಿ, ನೆತ್ತಿಗೊಂದು ತಂತಿಯ ಉಂಗುರ ಸಿಕ್ಕಿಸಿ, ಬೂದು ಬಣ್ಣ ಬಳಿದದ್ದು. ಬಣ್ಣ ಎಂದೋ ಉದುರಿ ಹೋಗಿದೆ. ಆಸೆಗೆ ತಲೆಗೆ ಸಿಕ್ಕಿಸಿಕೊಂಡು ನೋಡಿದೆ, ಚುಚ್ಚಿತು. ಒಂದು ಸಲ ಹಡಗಿನ ಕೆಲಸಕ್ಕೆ ಹೋದದ್ದು ಮತ್ತೆ ಸಂಸಾರಕ್ಕೆ ಬಗ್ಗುವುದಿಲ್ಲ.

ನಮ್ಮವರು ಡ್ರಾಫ್ಟ್ಸ್‌ಮನ್. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪೀಣ್ಯದಲ್ಲಿ ವಾಲ್ವು ತಯಾರಿಸುವ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಇವರ ಕೆಲಸ. ವಾಲ್ವು ಅಂದರೆ ದೊಡ್ಡ ಕೊಳವೆಗಳ ಕೊರಳಲ್ಲಿ ಕೂತು, ನೀರನ್ನೋ ಎಣ್ಣೆಯನ್ನೋ ಬಿಡು ಅಂದಾಗ ಬಿಟ್ಟು ತಡಿ ಅಂದಾಗ ತಡೆಯುವ ಕಬ್ಬಿಣದ ಸಾಮಾನು. ಊರೂರಿನ ನೀರನ್ನೆಲ್ಲ ಹಿಡಿದು ಬಿಡುವ ಸಾಮಾನಿಗೆ ನಕ್ಷೆ ಬರೆಯುವವರ ಮನೆಯಲ್ಲಿ ಒಂದು ನಲ್ಲಿ ಇರಲಿಲ್ಲ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಮಿಕ್ಕಿದ್ದೆಲ್ಲ ಅದರಿಂದಲೇ ಆದದ್ದು.

ಡ್ರಾಫ್ಟ್ಸ್‌ಮನ್‌ಗಳ ಸಹವಾಸ ನಿಮಗೆ ಇಲ್ಲದಿದ್ದರೆ ನೀವು ಪುಣ್ಯವಂತರು. ನನ್ನನ್ನು ನೋಡಲು ಬಂದ ದಿನ ಇವರು ನನ್ನ ಮುಖ ನೋಡಿದ್ದು ಕಡಿಮೆ, ನನ್ನ ಬೆನ್ನ ಹಿಂದಿನ ಗೋಡೆ ನೋಡಿದ್ದು ಜಾಸ್ತಿ. ಕೊನೆಗೆ ತಡೆಯಲಾರದೆ ಎದ್ದು ನನ್ನ ಕಡೆಗೇ ಬಂದರು. ಗಂಡು ಏನೋ ಮಾತಾಡುತ್ತಾನೆ ಅಂತ ಮನೆಯವರೆಲ್ಲ ಉಸಿರು ಬಿಗಿಹಿಡಿದರು. ಇವರು ನನ್ನನ್ನು ದಾಟಿ ಹೋಗಿ, ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ಸಮಾಧಾನದಿಂದ ಬಂದು ಕೂತರು. "ಹುಡುಗ ಶಿಸ್ತಿನವನು" ಅಂತ ನಮ್ಮಪ್ಪ ಅಲ್ಲೇ ಒಪ್ಪಿಬಿಟ್ಟರು.

ಆ ಶಿಸ್ತಿನ ಜೊತೆ ಬಾಳಬೇಕಾದವಳು ನಾನು. ಹೋಳಿಗೆ ಬಡಿಸಿದರೆ ಇವರು ರುಚಿ ಹೇಳುವ ಮೊದಲು ತಟ್ಟೆಯನ್ನು ಒಂದು ಸುತ್ತು ತಿರುಗಿಸಿ, "ಈ ಕಡೆ ಸ್ವಲ್ಪ ಎಳೆದ ಹಾಗಿದೆ" ಅನ್ನುತ್ತಿದ್ದರು. ನಮ್ಮ ಒಂದೇ ಕೋಣೆಯ ಮನೆಗೂ ಅಳತೆ ಹಿಡಿದು ನಕ್ಷೆ ಬರೆದು ಬಾಗಿಲ ಹಿಂದೆ ಅಂಟಿಸಿದ್ದರು. ಮಂಚ, ಟ್ರಂಕು, ಸೀಮೆಎಣ್ಣೆ ಸ್ಟೌವು, ಎಲ್ಲವೂ ಅದರದರ ಜಾಗದಲ್ಲಿ. ಸ್ಟೌವಿನ ಪಕ್ಕ ಒಂದು ಸಣ್ಣ ಸೊನ್ನೆ.

"ಇದೇನ್ರೀ ಸೊನ್ನೆ?" ಅಂತ ಕೇಳಿದೆ.

"ಅದು ನೀನು. ಮೇಲಿಂದ ನೋಡಿದ್ರೆ ಮನುಷ್ಯರು ಹಾಗೇ ಕಾಣೋದು" ಅಂದರು.

ಆ ಕೋಣೆ ಗಂಗಮ್ಮನ ವಠಾರದ್ದು. ಸಾಲಾಗಿ ಆರು ಕೋಣೆ, ಮುಂದೆ ಉದ್ದಕ್ಕೂ ಒಂದು ಜಗಲಿ, ಹಿಂದೆ ಒಂದು ಬಾವಿ. ಗಂಗಮ್ಮ ಮಾಕಳಿಯಿಂದ ಮದುವೆಯಾಗಿ ಆ ಊರಿಗೆ ಬಂದವರು. ಗಂಡ ತೀರಿಕೊಂಡ ಮೇಲೆ ಯಜಮಾನಿಕೆ ಎಲ್ಲ ಅವರದೇ. ಅವರ ರಾಗಿ ಹೊಲ, ಕನಕಾಂಬರದ ತೋಟ ಎಲ್ಲ ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಉಳಿದದ್ದು ಮನೆ, ಬಾವಿ, ಒಂದು ಜೊತೆ ಎತ್ತು, ಒಂದು ಗಾಡಿ. ಪರಿಹಾರದ ದುಡ್ಡಿನಲ್ಲಿ ವಠಾರ ಕಟ್ಟಿಸಿ, ಹೊಲದಲ್ಲಿ ರಾಗಿ ಬೆಳೆಯುವ ಬದಲು ಜಗಲಿಯಲ್ಲಿ ಬಾಡಿಗೆ ಬೆಳೆಯುತ್ತಿದ್ದರು. ಇವರ ಡ್ರಾಯಿಂಗ್ ಬೋರ್ಡು ನಿಂತಿರುವ ಜಾಗ ಹಿಂದೆ ಗಂಗಮ್ಮನ ಹುರುಳಿ ಒಕ್ಕುವ ಕಣವಾಗಿತ್ತಂತೆ.

"ನಮ್ಮೊಲ ನಿಮ್ ಫ್ಯಾಕ್ಟ್ರಿಗಾಯ್ತು, ನಮ್ ಬಾವಿ ನಿಮ್ ಬಿಂದಿಗೆಗಾಯ್ತು. ಇನ್ನೇನ್ ಬೇಕು ಕೇಳವ್ವ" ಅನ್ನುತ್ತಿದ್ದರು ಗಂಗಮ್ಮ. ಕೇಳಿದರೆ ಕೊಡುತ್ತಿದ್ದರು ಅಂತಲ್ಲ.

ಮನೆಗೆ ನಾಲ್ಕು ಬಿಂದಿಗೆ ನೀರು. ಇದು ಅಲ್ಲಿಯ ಕಾಯಿದೆ. ಸುತ್ತಲ ಕಾರ್ಖಾನೆಗಳು ಕೊಳವೆಬಾವಿ ಕೊರೆದು ಕೊರೆದು ಗಂಗಮ್ಮನ ಬಾವಿಯ ನೀರು ಪಾತಾಳಕ್ಕೆ ಇಳಿದಿತ್ತು. ಬೆಳಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಲೆಅಡಿಕೆ ಮೆಲ್ಲುತ್ತ ಕೂತರೆ ಆಕೆಯ ಕಣ್ಣು ತಪ್ಪಿಸಿ ಒಂದು ಚೊಂಬು ನೀರು ಆಚೆ ಹೋಗುತ್ತಿರಲಿಲ್ಲ. ತಲೆಗೆ ಎರೆದುಕೊಳ್ಳುವ ದಿನ ನಾನು ಪಾತ್ರೆ ತೊಳೆಯುತ್ತಿರಲಿಲ್ಲ, ಪಾತ್ರೆ ತೊಳೆದ ದಿನ ಬೇಳೆ ಎರಡನೇ ಸಲ ತೊಳೆಯುತ್ತಿರಲಿಲ್ಲ. ಒಂದು ಸಲ ನಮ್ಮಮ್ಮ ಬಂದಿದ್ದರು. ಇನ್ನೊಂದೇ ಬಿಂದಿಗೆ ಕೊಡಿ ಅಂತ ದೈನ್ಯದಿಂದ ಕೇಳಿದೆ.

"ನಿಮ್ಮವ್ವ ಬಂದವ್ರೆ ಅಂತ ಬಾವೀಲಿ ನೀರು ಎಚ್ಚಾಯ್ತಾ?" ಅಂದರು ಗಂಗಮ್ಮ.

ನಮ್ಮಮ್ಮ ಮಾರನೆಯ ದಿನ ಬೆಳಗಿನ ಬಸ್ಸಿಗೇ ಹೊರಟರು. ಆಕೆಯ ಹೆಸರು ಗಂಗಮ್ಮ ಅಂತ ಇಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು.

ಕಂಪನಿಯ ಕ್ವಾರ್ಟರ್ಸು ಇದ್ದದ್ದು ಯಶವಂತಪುರದ ಕಡೆ. ಅದು ಸೀನಿಯರ್ ಡ್ರಾಫ್ಟ್ಸ್‌ಮನ್ ಆದವರಿಗೆ ಮಾತ್ರ. ಒಂದು ಸಲ ಅರಿಶಿನ ಕುಂಕುಮಕ್ಕೆ ಅಲ್ಲಿಗೆ ಹೋಗಿದ್ದೆ. ಬಚ್ಚಲಲ್ಲಿ ಒಂದು ನಲ್ಲಿ, ಅಡುಗೆಮನೆಯಲ್ಲಿ ಇನ್ನೊಂದು. ಆ ಮನೆಯಾಕೆ ಮಾತಾಡುತ್ತಲೇ ನಲ್ಲಿ ತಿರುಗಿಸಿ ಕೈ ತೊಳೆದು, ನೀರು ಸುರಿಯುತ್ತಿದ್ದ ಹಾಗೇ ನನ್ನ ಕಡೆ ತಿರುಗಿ, ಈ ಸೀರೆ ಎಲ್ಲಿ ತಗೊಂಡ್ರಿ ಅಂತ ಕೇಳಿದರು. ನಾನೇನು ಹೇಳಿದೆನೋ ಗೊತ್ತಿಲ್ಲ. ನನ್ನ ಜೀವವೆಲ್ಲ ಆ ನೀರಿನಲ್ಲಿತ್ತು. ಸುಳ್ಳೇಕೆ ಹೇಳಲಿ, ಅವತ್ತಿನಿಂದ ನನಗೆ ಚಿನ್ನ ಬೇಡ, ರೇಷ್ಮೆ ಬೇಡ, ಮನೆಯೊಳಗೆ ಒಂದು ನಲ್ಲಿ ಬಂದರೆ ಸಾಕು ಅನ್ನಿಸಿಬಿಟ್ಟಿತು.

ಆ ವರ್ಷವೇ ಹಳೆಯ ಸೀನಿಯರ್ ನಿವೃತ್ತರಾದರು. ಜಾಗ ಖಾಲಿ, ಕ್ವಾರ್ಟರ್ಸೂ ಖಾಲಿ. ಮ್ಯಾನೇಜರ್ ಸಾಹೇಬರು ಡ್ರಾಯಿಂಗ್ ಆಫೀಸಿಗೆ ಬಂದು, "ಆಯುಧಪೂಜೆ ಎಕ್ಸಿಬಿಷನ್ನಲ್ಲಿ ಯಾರ್ ಏನ್ ಮಾಡ್ತೀರಿ ನೋಡ್ತೀನಿ. ಸೀನಿಯರ್ ಆಗೋ ಯೋಗ್ಯತೆ ಯಾರಿಗಿದೆ ಅಂತ ಅದ್ರಲ್ಲೇ ಗೊತ್ತಾಗತ್ತೆ" ಅಂದು ಹೋದರಂತೆ.

ಪೀಣ್ಯದ ಆಯುಧಪೂಜೆ ನೀವು ನೋಡಿರಬೇಕು. ವರ್ಷವೆಲ್ಲ ಗ್ರೀಸು ಕುಡಿದ ಯಂತ್ರಗಳನ್ನು ಅವತ್ತು ಉಜ್ಜಿ ತೊಳೆದು, ಬಾಳೆಕಂದು ಕಟ್ಟಿ, ವಿಭೂತಿ ಬಳಿದು, ಬೂದುಗುಂಬಳ ಒಡೆದು, ಹೆಂಡತಿ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿ, ಪುರಿ ಮತ್ತು ಸಿಹಿಯ ಪೊಟ್ಟಣ ಕೊಟ್ಟು ಕಳಿಸುತ್ತಿದ್ದರು. ನಮ್ಮ ಕಾರ್ಖಾನೆಯಲ್ಲಿ ಅದರ ಜೊತೆಗೆ ಒಂದೊಂದು ವಿಭಾಗದವರೂ ಒಂದೊಂದು ಮಾಡೆಲ್ಲು ಮಾಡಿಡಬೇಕು, ಗೆದ್ದವರಿಗೆ ಬಹುಮಾನ. ಹಿಂದಿನ ವರ್ಷ ಮೆಷಿನ್ ಶಾಪಿನವರು ನಟ್ಟು ಬೋಲ್ಟಿನಲ್ಲೇ ಗಣಪತಿ ಮಾಡಿ ಗೆದ್ದಿದ್ದರು.

ಇವರು ಒಂದು ವಾರ ಯೋಚಿಸಿ, "ಹಡಗು ಮಾಡ್ತೀನಿ" ಅಂದರು. ಕಂಪನಿಯ ವಾಲ್ವುಗಳು ಆ ವರ್ಷ ಒಂದು ಸರಕು ಹಡಗಿಗೆ ಹೋಗಿದ್ದವು. ಅದಕ್ಕೇ ಆ ಹಡಗಿನ ನಕ್ಷೆಯ ಒಂದು ಪ್ರತಿ ಆಫೀಸಿನಲ್ಲಿತ್ತು. ಇವರೇನು ಹಡಗು ನೋಡಿದವರಲ್ಲ. ಸಮುದ್ರವನ್ನೂ ನೋಡಿರಲಿಲ್ಲ. ನಕ್ಷೆ ನೋಡಿದ್ದೇನೆ, ಅದೇ ಜಾಸ್ತಿ ಅನ್ನುವ ಜಾತಿ. ಅಳತೆ ಒಂದಕ್ಕೆ ನೂರು. ಅಂದರೆ ನಿಜವಾದ ಹಡಗಿನ ಒಂದು ಮೀಟರಿಗೆ ನಮ್ಮ ಹಡಗಿನಲ್ಲಿ ಒಂದು ಸೆಂಟಿಮೀಟರು. ಹಾಗೆ ಲೆಕ್ಕ ಹಾಕಿದರೆ ಸಣ್ಣದು ಅನ್ನಿಸುತ್ತದೆ. ಮುಗಿಯುವ ಹೊತ್ತಿಗೆ ಅದು ನಮ್ಮ ಮಂಚದ ಮುಕ್ಕಾಲು ಭಾಗ ಹಿಡಿಯಿತು. ಗಣೇಶನ ಹಬ್ಬದಿಂದ ಆಯುಧಪೂಜೆಯವರೆಗೆ ಹಡಗು ಮಂಚದ ಮೇಲೆ ಮಲಗಿತು, ನಾವು ಚಾಪೆಯ ಮೇಲೆ.

"ಮನೇಲಿರೋ ಸಾಮಾನಲ್ಲೇ ಮಾಡ್ಬಿಡ್ತೀನಿ, ಖರ್ಚೇ ಇಲ್ಲ" ಅಂತ ಇವರು ಸಾರಿದರು. ಗಂಡಸರು ಮನೆಯಲ್ಲಿರುವ ಸಾಮಾನು ಅಂದರೆ ಹೆಂಡತಿಯ ಸಾಮಾನು ಅಂತ ತಿಳಿಯಬೇಕು. ಇವರದು ಅಂತ ಆ ಮನೆಯಲ್ಲಿದ್ದದ್ದು ಸೆಟ್ ಸ್ಕ್ವೇರುಗಳು ಮತ್ತು ಒಂದು ಡಬ್ಬಿ ಪೆನ್ಸಿಲ್ಲು. ಅವನ್ನು ಹಡಗು ಮುಟ್ಟಲಿಲ್ಲ. ಪಕ್ಕೆಲುಬುಗಳಿಗೆ ನನ್ನ ತೆಂಗಿನಕಡ್ಡಿ ಪೊರಕೆ ಹೋಯಿತು. ಹೊಗೆಕೊಳವೆಗೆ ಪೌಡರ್ ಡಬ್ಬಿ. ಅದರಲ್ಲಿದ್ದ ಪೌಡರನ್ನು ನ್ಯೂಸ್‌ಪೇಪರಿಗೆ ಸುರಿದು ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. ಕ್ಯಾಬಿನ್ನುಗಳಿಗೆ ಬೆಂಕಿಪೆಟ್ಟಿಗೆ, ಅದರ ಕಡ್ಡಿಗಳು ಲೋಟದಲ್ಲಿ. ಹಗ್ಗ ಸುತ್ತುವ ರಾಟೆಗೆ ಹೊಲಿಗೆ ಮೆಷಿನ್ನಿನ ಬಾಬಿನ್ನು. ಬಾವುಟಕ್ಕೆ ಬಾಗಿನದಲ್ಲಿ ಬಂದ ರವಿಕೆ ಕಣ. ಅಪಾಯ ಬಂದಾಗ ಜನ ಇಳಿದು ಹೋಗುವ ಸಣ್ಣ ದೋಣಿಗಳಿಗೆ ಕಡಲೆಕಾಯಿ ಸಿಪ್ಪೆ. ಅಳತೆಗೆ ಸರಿಯಾದ ಸಿಪ್ಪೆ ಸಿಗುವವರೆಗೆ ಒಂದು ಸೇರು ಕಡಲೆಕಾಯಿ ಸುಲಿದರು, ನಾನು ತಿಂದೆ. ಆ ಹಡಗಿನಿಂದ ನನಗಾದ ನೇರ ಲಾಭ ಅದೊಂದೇ.

ಹೊರಮೈಗೆ ಗಟ್ಟಿ ಕಾಗದ ಬೇಕಾಗಿತ್ತು. ನಮ್ಮ ಮದುವೆಯ ಆಹ್ವಾನಪತ್ರಿಕೆ ಒಂದು ಕಟ್ಟು ಹಾಗೇ ಉಳಿದಿತ್ತು. ಅದನ್ನೇ ಕತ್ತರಿಸಿ ಒಂದರ ಪಕ್ಕ ಒಂದು ಅಂಟಿಸಿದರು. ಒಳಗೆ ಬಗ್ಗಿ ನೋಡಿದರೆ ಸುತ್ತಲೂ ನಾವೇ. ಚಿರಂಜೀವಿಯ ಹೆಸರು ನೀರಿನ ಮಟ್ಟದ ಮೇಲೆ, ಚಿ. ಸೌ. ಹೆಸರು ನೀರಿನ ಮಟ್ಟದ ಕೆಳಗೆ. ಅದರ ಮೇಲೆ ಆಫೀಸಿನ ರದ್ದಿ ಡ್ರಾಯಿಂಗ್ ಹಾಳೆಗಳ ಪದರ. ಅಮೋನಿಯಾದಲ್ಲಿ ಪ್ರಿಂಟು ತೆಗೆದ ಆ ಹಾಳೆಗಳ ಉಚ್ಚೆಯಂಥ ವಾಸನೆಗೆ ಮನೆಗೆ ಬಂದವರು ಮೂಗು ಹಿಡಿದುಕೊಂಡು, ನನ್ನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ಹೋಗುತ್ತಿದ್ದರು.

ಅಂಟು ಮೈದಾದ್ದು. ಜಿರಳೆ ತಿನ್ನದ ಹಾಗೆ ಅದಕ್ಕೆ ಮೈಲುತುತ್ತ ಹಾಕಿ ನಾನೇ ಕುದಿಸಿ ಕೊಡಬೇಕು. ದಿನಾ ಸಂಜೆ ಒಂದು ಚೊಂಬು ನೀರು ಆ ಅಂಟಿಗೆ ಹೋಗುತ್ತಿತ್ತು, ನನ್ನ ನಾಲ್ಕು ಬಿಂದಿಗೆಯಲ್ಲಿ. ನಾನು ಗೊಣಗಲಿಲ್ಲ. ಇವತ್ತಿನ ಒಂದು ಚೊಂಬು, ನಾಳೆ ಯಶವಂತಪುರದ ನಲ್ಲಿ ಅಂತ ಮನಸ್ಸಿನಲ್ಲೇ ಲೆಕ್ಕ ಕಟ್ಟಿಕೊಂಡು ಸೌಟು ತಿರುಗಿಸಿದೆ. ಗಂಗಮ್ಮ ಬಾಗಿಲಲ್ಲಿ ನಿಂತು ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡುತ್ತಿದ್ದರು.

"ಗೆರೆ ಎಳೆಯೋ ಅಯ್ನೋರು ಏನ್ ಮಾಡ್ತಾವ್ರೆ ತಾಯಿ?"

"ಹಡಗು ಗಂಗಮ್ಮನೋರೆ. ಆಯುಧಪೂಜೆಗೆ. ಇದು ಗೆದ್ರೆ ನಮಗೆ ಕಂಪನಿ ಮನೆ ಸಿಗತ್ತೆ, ಒಳಗೇ ನಲ್ಲಿ ಇರೋದು."

"ಅಂಗಾದ್ರೆ ಚೆನ್ನಾಗಿ ಮಾಡ್ಲಿ ಬಿಡು. ನಂಗೂ ನಾಕು ಬಿಂದಿಗೆ ಉಳೀತದೆ" ಅಂದರು.

ಇವರ ಕಾರ್ಖಾನೆಯಲ್ಲೇ ಟರ್ನರ್ ಆಗಿದ್ದ ಪಕ್ಕದ ಕೋಣೆಯ ನಂಜುಂಡಪ್ಪನವರು ಒಂದು ಸಲ ಮದರಾಸಿನಲ್ಲಿ ಸಮುದ್ರ ನೋಡಿದ್ದರು. ಹಾಗಾಗಿ ವಠಾರದ ಮಟ್ಟಿಗೆ ಅವರೇ ನೌಕಾಧಿಪತಿ. ದಿನಾ ಬಂದು ಹಡಗಿನ ಸುತ್ತ ತಿರುಗಿ, "ಸಮುದ್ರದ ನೀರು ಉಪ್ಪು ಕಣ್ರೀ, ಅದನ್ನ ಮರೀಬೇಡಿ" ಅಂತ ಎಚ್ಚರಿಸಿ ಹೋಗುತ್ತಿದ್ದರು. ಅದನ್ನು ನೆನಪಿಟ್ಟುಕೊಂಡು ನಾವು ಏನು ಮಾಡಬೇಕು ಅಂತ ಮಾತ್ರ ಅವರು ಕೊನೆಗೂ ಹೇಳಲಿಲ್ಲ.

ನಮ್ಮಿಬ್ಬರಿಗೂ ಆ ಒಂದು ತಿಂಗಳಲ್ಲಿ ಎರಡು ಸಲ ಜಗಳವಾಯಿತು. ಮೊದಲನೆಯದು ವಾಲ್ವಿನದು. ಹಡಗೆಲ್ಲ ಮುಗಿದ ಮೇಲೆ, ಯಾತಕ್ಕೋಸ್ಕರ ಹಡಗು ಕಟ್ಟಿದರೋ ಆ ವಾಲ್ವನ್ನು ಕೂರಿಸುವ ದಿನ ಬಂತು. ಇವರು ಸ್ಟೌವಿನ ಮೂಲೆಗೆ ಬಂದು ಸಾಸಿವೆ ಡಬ್ಬಿ ತೆಗೆದು, ಅಂಗೈಗೆ ಸುರಿದುಕೊಂಡು, ಒಂದು ಕಾಳು ಆರಿಸಿದರು. ನಿಜವಾದ ವಾಲ್ವು ಒಂದು ಗೇಣಿನದಂತೆ. ನೂರನೇ ಒಂದು ಪಾಲು ಮಾಡಿದರೆ ಸಾಸಿವೆ ಕಾಳು. ಅದನ್ನು ತಾಮ್ರದ ತಂತಿಗೆ ಅರಗಿನಿಂದ ಮೆತ್ತಿ, ತಂತಿಯನ್ನು ಹಡಗಿನ ಹೊಟ್ಟೆಯೊಳಗೆ ಕಡ್ಡಿಗಳಿಗೆ ಬಿಗಿದರು.

"ರೀ, ಸಾಹೇಬ್ರು ಬಂದು ನೋಡೋದೇ ವಾಲ್ವನ್ನ. ಒಂದು ನಿಂಬೆಹಣ್ಣಿನಷ್ಟಾದ್ರೂ ಮಾಡಿ ಮೇಲ್ಗಡೆ ಇಡ್ರೀ. ಯಾರಿಗೂ ಕಾಣಲ್ಲ ಇದು."

"ಸ್ಕೇಲ್ ತಪ್ಪತ್ತೆ."

"ತಪ್ಪಲಿ. ನಲ್ಲಿ ಬರತ್ತೆ."

"ನಿಂಬೆಹಣ್ಣಿನಷ್ಟು ಮಾಡಿದ್ರೆ ಆ ವಾಲ್ವಿಗೆ ಹಡಗು ಸಾಲಲ್ಲ, ಪೀಣ್ಯ ಪೂರ್ತಿ ಬೇಕಾಗತ್ತೆ" ಅಂದರು ಇವರು, ಆ ಸಾಸಿವೆಗೆ ಸೂಜಿಯ ತುದಿಯಿಂದ ಕೆಂಪು ಬಣ್ಣ ಹಚ್ಚುತ್ತ. ಮುಗಿಯಿತು. ಹರಿಶ್ಚಂದ್ರ ಸತ್ಯಕ್ಕೆ ಹೆಂಡತಿಯನ್ನು ಮಾರಿದ, ಇವರು ಸ್ಕೇಲಿಗೆ ನನ್ನ ನಲ್ಲಿಯನ್ನು ಒತ್ತೆಯಿಟ್ಟರು.

ಎರಡನೆಯ ಜಗಳ ವಾರ್ನಿಷಿನದು. ಬೂದು ಬಣ್ಣ ನೀರಿನಲ್ಲಿ ಕಲಸುವಂಥದು, ಕೈ ಒದ್ದೆಯಿದ್ದರೆ ಅಂಟಿಕೊಳ್ಳುತ್ತಿತ್ತು. ಮೇಲೊಂದು ಕೈ ವಾರ್ನಿಷ್ ಹೊಡೆಯಿರಿ, ನೀರು ತಾಕಿದರೂ ಏನೂ ಆಗುವುದಿಲ್ಲ ಅಂದೆ. ದೂರದಿಂದ ನೋಡಿದರೆ ಹಡಗು ಅಷ್ಟು ಹೊಳೆಯುವುದಿಲ್ಲ, ಆ ಹೊಳಪು ಸ್ಕೇಲಿಗೆ ಹೊಂದುವುದಿಲ್ಲ ಅಂದರು. ಹೊಳಪಿಗೂ ಸ್ಕೇಲ್ ಇರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

"ಅಲ್ರೀ, ಇದು ನೀರಲ್ಲಿ ತೇಲತ್ತಾ?"

"ಹಡಗಿನ ಮಾಡೆಲ್ಲು ನೋಡೋದಕ್ಕೆ. ತೇಲೋದಕ್ಕಲ್ಲ. ಈ ಊರಲ್ಲಿ ಇದಕ್ಕೆ ನೀರು ಹಾಕೋರು ಯಾರಿದಾರೆ?"

ಆ ಮಾತು ಸರಿ ಅಂತ ನನಗೂ ಅನ್ನಿಸಿತು. ನಾಲ್ಕು ಬಿಂದಿಗೆಯ ಊರಿನಲ್ಲಿ ಯಾರು ನೀರು ಹಾಕುತ್ತಾರೆ?

ಆಯುಧಪೂಜೆಯ ಬೆಳಗ್ಗೆ ಹಡಗನ್ನು ಇಬ್ಬರೂ ಎತ್ತಿ ತಂದು ಜಗಲಿಯ ಮೇಲೆ ಇಟ್ಟೆವು. ಬಿಸಿಲಿಗೆ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ, ಒಂದು ತಿಂಗಳು ಅದನ್ನು ಶಪಿಸಿದ ನನಗೇ ಕಣ್ಣು ಕೀಳಲಾಗಲಿಲ್ಲ. ಸೇಫ್ಟಿಪಿನ್ನಿನ ಕಂಬಿ, ರವಿಕೆ ಕಣದ ಬಾವುಟ, ಮೂತಿಯಲ್ಲಿ ನೇತಾಡುತ್ತಿದ್ದ ನನ್ನ ತಲೆಪಿನ್ನು. ಇವರು ಟೆಂಪೋ ಕರೆತರಲು ತುಮಕೂರು ರಸ್ತೆಯವರೆಗೆ ಹೋದರು. ನಾನು ಸೀರೆ ಉಡಲು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಗಂಗಮ್ಮ ಮುಂಜಾನೆಯೇ ಎದ್ದು ಎತ್ತುಗಳ ಮೈ ತೊಳೆದಿದ್ದರು, ಗಾಡಿ ತೊಳೆದಿದ್ದರು, ನೇಗಿಲು, ಗುದ್ದಲಿ, ವಠಾರದವರ ಸೈಕಲ್ಲುಗಳನ್ನೂ ಬಿಡದೆ ತೊಳೆದು ಸಾಲಾಗಿ ನಿಲ್ಲಿಸಿ ಅರಿಶಿನ ಕುಂಕುಮ ಇಟ್ಟಿದ್ದರು. ವರ್ಷದಲ್ಲಿ ಆ ಒಂದು ದಿನ ಆಕೆ ನೀರಿನ ಲೆಕ್ಕ ಇಡುತ್ತಿರಲಿಲ್ಲ. ದುಡಿಯುವ ಗಾಡಿಯನ್ನು ಕೊಳಕಾಗಿ ಪೂಜೆಗೆ ನಿಲ್ಲಿಸಿದರೆ ಮನೆಗೆ ಒಳ್ಳೆಯದಾಗುವುದಿಲ್ಲ ಅನ್ನುವುದು ಅವರ ನಂಬಿಕೆ. ಜಗಲಿಗೆ ಬಂದು ನೋಡುತ್ತಾರೆ, ಒಂದು ಹಡಗು. ಪೂಜೆಗೆ ಹೊರಟಿದೆ. ಮೈಯೆಲ್ಲ ಬೂದಿ ಬಣ್ಣ. ಯಾರೂ ತೊಳೆದಿಲ್ಲ.

ನಾನು ನೆರಿಗೆ ಹಿಡಿಯುತ್ತಿದ್ದಾಗ ಹೊರಗೆ ನೀರು ಸುರಿಯುವ ಸದ್ದು ಕೇಳಿಸಿತು. ತೆಂಗಿನ ನಾರಿನಲ್ಲಿ ತಿಕ್ಕುವ ಸದ್ದೂ ಕೇಳಿಸಿತು. ಹಬ್ಬ ಅಲ್ಲವೇ, ಜಗಲಿ ತೊಳೆಯುತ್ತಿದ್ದಾರೆ ಅಂದುಕೊಂಡೆ. ಬಾಗಿಲು ತೆಗೆದಾಗ ಎರಡನೆಯ ಬಿಂದಿಗೆ ಖಾಲಿಯಾಗುತ್ತಿತ್ತು. ಸೀಗೆಪುಡಿಯ ನೊರೆಯ ನಡುವೆ ನಮ್ಮ ಮದುವೆಯ ಆಹ್ವಾನಪತ್ರಿಕೆಗಳು ಒಂದೊಂದಾಗಿ ಜಗಲಿಯಿಂದ ಇಳಿದು ಚರಂಡಿಯ ಕಡೆ ಹೊರಟಿದ್ದವು. ಕಡಲೆಕಾಯಿ ದೋಣಿಗಳು ಮಾತ್ರ ತಮ್ಮ ಕೆಲಸ ತಾವು ಮಾಡುತ್ತ ಮುಂದೆ ತೇಲುತ್ತಿದ್ದವು. ಗಂಗಮ್ಮ ಕೈಯಲ್ಲಿ ನಾರು ಹಿಡಿದುಕೊಂಡು, ಬಾಯಿ ತೆರೆದು, ಅಲ್ಲೇ ನಿಂತಿದ್ದರು.

"ನೀರ್ನಾಗಿರೋ ಅಡಗು ನೀರಿಗ್ ಕರಗ್ತದೆ ಅಂತ ಯಾರಿಗವ್ವಾ ಗೊತ್ತು?" ಅಂದರು.

ನಾನು ಹೊಸಿಲ ಮೇಲೆ ಕೂತು ಅತ್ತುಬಿಟ್ಟೆ. ಹಡಗಿಗೋಸ್ಕರ ಅಲ್ಲ, ನಲ್ಲಿಗೋಸ್ಕರ.

ಟೆಂಪೋ ಬಂದು ನಿಂತಿತು. ಇವರು ಇಳಿದರು, ನೋಡಿದರು. "ಸಾರ್, ಲೋಡ್ ಯಾವ್ದು?" ಅಂತ ಡ್ರೈವರ್ ಕೇಳಿದ. ಇವರು ಬಗ್ಗಿ, ಒದ್ದೆ ಕಾಗದವನ್ನು ಮೈಮೇಲಿಂದ ಬಟ್ಟೆ ಬಿಚ್ಚುವ ಹಾಗೆ ಬಿಡಿಸಿದರು. ಒಳಗೆ ತೆಂಗಿನಕಡ್ಡಿಯ ಗೂಡು ಒಂದಿಷ್ಟೂ ಅಲುಗಾಡದೆ ನಿಂತಿತ್ತು. ತಂತಿಯೂ ಇತ್ತು, ಅರಗು ಮೆತ್ತಿದ್ದರಿಂದ ಸಾಸಿವೆಯೂ ಇತ್ತು. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಒಳಗೆ ಹೋಗಿ ಒಂದು ರಟ್ಟಿನ ಮೇಲೆ ತಮ್ಮ ನೆಟ್ಟಗಿನ ಅಕ್ಷರದಲ್ಲಿ 'ನಿರ್ಮಾಣ ಹಂತದಲ್ಲಿರುವ ಹಡಗು' ಅಂತ ಬರೆದು ತಂದರು. ಅರ್ಧಕ್ಕೆ ನಿಂತದ್ದಕ್ಕೆಲ್ಲ ನಮ್ಮ ದೇಶದಲ್ಲಿ ಅದೇ ತಾನೆ ಮರ್ಯಾದೆಯ ಹೆಸರು?

ಎಕ್ಸಿಬಿಷನ್ನಿನಲ್ಲಿ ನಮ್ಮ ಪಕ್ಕದ ಮೇಜು ಸ್ಟೋರ್ಸಿನವರದು. ಅವರು ಜೋಗ ಜಲಪಾತ ಮಾಡಿದ್ದರು. ನಿಜವಾದ ನೀರು, ಮೋಟಾರು ಹಾಕಿ ಮೇಲಕ್ಕೆತ್ತಿ ಕೆಳಗೆ ಸುರಿಸುವುದು. ಅದಕ್ಕೆ ಸ್ಕೇಲೂ ಇಲ್ಲ, ಗೀಲೂ ಇಲ್ಲ. ಜಲಪಾತದ ನೆತ್ತಿಯ ಮೇಲೆ ಜಲಪಾತಕ್ಕಿಂತ ದೊಡ್ಡದಾದ ಕಂಪನಿಯ ವಾಲ್ವು, ಜೋಗವನ್ನು ಬಿಡುವುದೂ ತಡೆಯುವುದೂ ನಮ್ಮ ಕಂಪನಿಯೇ ಅನ್ನುವ ಹಾಗೆ. ನೀರು ನೆಲಕ್ಕೆಲ್ಲ ಚೆಲ್ಲಿ ಹರಿಯುತ್ತಿತ್ತು. ಕಡಿಮೆಯಾದಾಗಲೆಲ್ಲ ಒಬ್ಬಾತ ಪೈಪು ತಂದು ತುಂಬಿಸುತ್ತಿದ್ದ. ಗಂಗಮ್ಮ ಇದನ್ನು ನೋಡಿದ್ದರೆ ತಮ್ಮ ಬಾವಿಯ ನೀರು ಎಲ್ಲಿಗೆ ಹೋಯಿತು ಅಂತ ಅವರಿಗೆ ಗೊತ್ತಾಗುತ್ತಿತ್ತು.

ಮ್ಯಾನೇಜರ್ ಸಾಹೇಬರು ಜಲಪಾತದ ಮುಂದೆ ಬಹಳ ಹೊತ್ತು ನಿಂತು ಫೋಟೋ ತೆಗೆಸಿಕೊಂಡು, ನಮ್ಮ ಮೇಜಿಗೆ ಬಂದರು.

"ಇದ್ರಲ್ಲಿ ನಮ್ಮ ವಾಲ್ವ್ ಎಲ್ರೀ?"

"ಇಲ್ಲಿ ಸಾರ್" ಅಂತ ಇವರು ಸೂಜಿಯಿಂದ ತೋರಿಸಿದರು.

ಸಾಹೇಬರು ಕನ್ನಡಕ ತೆಗೆದು ನೋಡಿದರು. ಹಾಕಿಕೊಂಡು ನೋಡಿದರು. "ಇದು ಸಾಸಿವೆ ಅಲ್ವೇನ್ರೀ?"

"ಸ್ಕೇಲಿಗೆ ಸರಿಯಾಗಿದೆ ಸಾರ್."

"ನಮ್ಮ ಕಂಪನಿ ಸಾಸಿವೆ ಮಾಡತ್ತೇನ್ರೀ?" ಅಂದು ಮುಂದಕ್ಕೆ ಹೋದರು. ಹಿಂದಿದ್ದವರೆಲ್ಲ ನಕ್ಕರು. ಇವರು ನಗಲಿಲ್ಲ. ರಟ್ಟು ಸ್ವಲ್ಪ ಓರೆಯಾಗಿತ್ತು, ಅದನ್ನು ನೆಟ್ಟಗೆ ಮಾಡಿದರು.

ಮೊದಲ ಬಹುಮಾನ ಜಲಪಾತಕ್ಕೆ. ನಮಗೆ ಸಮಾಧಾನಕರ ಬಹುಮಾನ, ಒಂದು ಪ್ಲಾಸ್ಟಿಕ್ ಬಕೆಟ್ಟು. ನೀರಿಲ್ಲದವರಿಗೆ ಬಕೆಟ್ಟು ಕೊಟ್ಟು ಸಮಾಧಾನ ಮಾಡಿದ ಕಾರ್ಖಾನೆ ಜಗತ್ತಿನಲ್ಲಿ ಅದೊಂದೇ ಇರಬೇಕು.

ಹಬ್ಬ ಮುಗಿದ ಮೇಲೆ ನಂಜುಂಡಪ್ಪನವರು ಸುದ್ದಿ ತಂದರು. ಸೀನಿಯರ್ ಜಾಗಕ್ಕೆ ಸಾಹೇಬರ ಹೆಂಡತಿಯ ಕಡೆಯವರೊಬ್ಬರು ಬಂದಾಗಿತ್ತು. ಈಗಲ್ಲ, ದಸರೆಗೆ ಮುಂಚೆಯೇ ಗೊತ್ತಾಗಿ, ಕ್ವಾರ್ಟರ್ಸಿನ ಬೀಗದ ಕೈಯೂ ಸಿಕ್ಕಿ, ಆ ಹೊಸಬರ ಹೆಂಡತಿ ಕಿಟಕಿಗೆ ಪರದೆ ಕಟ್ಟಿ ಮುಗಿಸಿದ್ದಳಂತೆ. ನಾನು ಇಲ್ಲಿ ಮೈದಾ ಕುದಿಸುತ್ತಿದ್ದಾಗ ಆಕೆ ಅಲ್ಲಿ ನನ್ನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಹಡಗು ಮುಳುಗಿದ್ದಕ್ಕೆ ನಲ್ಲಿ ತಪ್ಪಿದ್ದಲ್ಲ, ತೇಲಿದ್ದರೂ ತಪ್ಪುತ್ತಿತ್ತು. ಇದನ್ನು ಕೇಳಿ ನನಗೆ ಸಿಟ್ಟು ಬಂತು, ಆದರೆ ಒಂದು ಭಾರವೂ ಇಳಿಯಿತು. ಗಂಗಮ್ಮನನ್ನು ನೋಡಿದಾಗಲೆಲ್ಲ ಮುಖ ತಿರುಗಿಸುತ್ತಿದ್ದವಳಿಗೆ ಇನ್ನು ತಿರುಗಿಸಲು ಕಾರಣ ಇರಲಿಲ್ಲ.

ಮಾರನೆಯ ಬೆಳಗ್ಗೆ ನನ್ನ ನಾಲ್ಕು ಬಿಂದಿಗೆ ಸೇದಿ, ಹಗ್ಗ ಸುತ್ತಿ ಹೊರಟೆ. ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಗಂಗಮ್ಮ ಎದ್ದು, ಹಗ್ಗವನ್ನು ನನ್ನ ಕೈಯಿಂದ ಕಿತ್ತುಕೊಂಡು, ತಾವೇ ಎರಡು ಬಿಂದಿಗೆ ಸೇದಿದರು. ಒಂದನ್ನು ಸೊಂಟದಲ್ಲಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ತಂದು ನಮ್ಮ ಹಂಡೆಗೆ ಸುರಿದರು.

"ಇದ್ಯಾಕೆ ಗಂಗಮ್ಮನೋರೆ?"

"ಅಡಗಿನ ಪಾಲು" ಅಂದರು. ನನ್ನ ಮುಖ ನೋಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಚರಂಡಿಯಲ್ಲಿ ಸಿಕ್ಕಿದ ತಲೆಪಿನ್ನನ್ನು ಹೊಸಿಲ ಮೇಲಿಟ್ಟು ಹೊರಟುಹೋದರು.

ಅದು ಒಂದು ದಿನದ ಧಾರಾಳ ಅಂದುಕೊಂಡೆ. ಮಾರನೆಯ ದಿನವೂ ಬಂತು. ಬೇಸಗೆಯಲ್ಲಿ ಬಾವಿ ಕೆಸರಾಗಿ ಮನೆಗೆ ಮೂರೇ ಬಿಂದಿಗೆ ಅಂತ ಆದಾಗಲೂ, ಹಡಗಿನ ಎರಡು ಬಿಂದಿಗೆಗೆ ಚ್ಯುತಿ ಬರಲಿಲ್ಲ. ವಠಾರದವರು ತಕರಾರು ತೆಗೆದರೆ, "ಅವ್ರ್ ಮನೇಲಿ ಅಡಗೈತೆ, ನಿಮ್ಮನೇಲಿ ಐತಾ?" ಅಂತ ಬಾಯಿ ಮುಚ್ಚಿಸುತ್ತಿದ್ದರು. ಇತ್ತೇ ಅಂದರೆ, ಮಂಚದ ಕೆಳಗೆ ಆ ಕಡ್ಡಿಯ ಗೂಡು ಇತ್ತು. ಅದು ಇರುವವರೆಗೆ ಹಡಗು ನಿರ್ಮಾಣ ಹಂತದಲ್ಲಿದೆ ಅಂತಲೇ ಲೆಕ್ಕ. ನಾನು ಅದನ್ನು ಬಿಸಾಡಲು ಬಿಡಲಿಲ್ಲ. ಮ್ಯಾನೇಜರು ಕೊಡುತ್ತೇನೆಂದು ಆಡಿಸಿದ ನೀರನ್ನು, ಕೊಡುವುದೇ ಇಲ್ಲ ಅನ್ನುತ್ತಿದ್ದ ಗಂಗಮ್ಮ ಕೊಟ್ಟರು. ಬಹುಮಾನದ ಬಕೆಟ್ಟು ಕಡೆಗೂ ತುಂಬಿತು.

ಮೂರು ವರ್ಷದ ಮೇಲೆ ನಮಗೂ ನಲ್ಲಿ ಇರುವ ಬಾಡಿಗೆ ಮನೆ ಸಿಕ್ಕಿತು. ಸಾಮಾನು ಸಾಗಿಸುವ ದಿನವೇ ನಮ್ಮ ಕೋಣೆಗೆ ಹೊಸಬರು ಬಂದರು. ಆಗಷ್ಟೇ ಮದುವೆಯಾದ ಹುಡುಗಿ, ಕೈಯಲ್ಲಿ ಇನ್ನೂ ಹಸಿರು ಬಳೆ. ಆಕೆ ಬಾವಿಯೊಳಗೆ ಬಗ್ಗಿ ನೋಡಿ, ಗಾಬರಿಯಾಗಿ, ನೀರು ಎಷ್ಟು ಕೊಡುತ್ತೀರಿ ಅಂತ ಗಂಗಮ್ಮನನ್ನು ಕೇಳಿದಳು. ಕಡ್ಡಿಯ ಗೂಡನ್ನು ಎತ್ತಿಕೊಂಡು ಟೆಂಪೋದ ಕಡೆ ಹೊರಟಿದ್ದ ನಾನು ನಿಂತೆ.

ಗಂಗಮ್ಮ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ, ನನ್ನ ಕೈಯಲ್ಲಿದ್ದುದನ್ನು ಒಮ್ಮೆ ನೋಡಿ, ಹೇಳಿದರು:

"ಮನೆಗೆ ನಾಕು ಬಿಂದಿಗೆ. ಅಡಗಿದ್ರೆ ಆರು."